ಸ್ಪೇರ್ ಡ್ರೈವರನ ಮಗಳು

ನಾನು ವಿಮಾನ ನಡೆಸುತ್ತೇನೆ ಎಂದರೆ ರಾಯಚೂರಿನಲ್ಲಿ ಜನ ಮೊದಲು ನನ್ನ ಕಾಲು ನೋಡುತ್ತಾರೆ. ನಾನು ಕುಳ್ಳಿ. ಪೆಡಲಿಗೆ ಕಾಲು ಮುಟ್ಟುತ್ತವೋ ಇಲ್ಲವೋ ಎಂಬುದು ಅವರ ಅನುಮಾನ. ಮುಟ್ಟುತ್ತವೆ, ಸೀಟನ್ನು ಮುಂದಕ್ಕೆ ಎಳೆದುಕೊಳ್ಳಬಹುದು. ಆಮೇಲಿನ ಪ್ರಶ್ನೆ, "ವಿಮಾನ ಎಲ್ಲಿ ನಿಲ್ಲಿಸಿ ಬಂದೀಯವ್ವಾ?" ನಮ್ಮ ಓಣಿಯ ತಿರುವಿನಲ್ಲಿ ಟಂಟಂ ಆಟೊ ನಿಲ್ಲಿಸುವುದಕ್ಕೇ ಜಗಳವಾಗುತ್ತದೆ. ಹೈದರಾಬಾದಿನಲ್ಲಿ ಬಿಟ್ಟು ರೈಲಿಗೆ ಬಂದೆ ಎಂದರೆ ಅವರಿಗೆ ನಿರಾಸೆ. ವಿಮಾನ ನಡೆಸುವವಳು ಜನರಲ್ ಬೋಗಿಯಲ್ಲಿ ಬಂದಳಂತೆ ಎಂದು ಸುದ್ದಿ ಹಬ್ಬುತ್ತದೆ.

ಯಾರೂ ಕೇಳದ ಸಂಗತಿ ಒಂದಿದೆ. ತಿಂಗಳಲ್ಲಿ ಕೆಲವು ದಿನ ನಾನು ಏನನ್ನೂ ನಡೆಸುವುದಿಲ್ಲ. ಸುಮ್ಮನೆ ಕೂತಿರುತ್ತೇನೆ. ಅದಕ್ಕೆ ಸ್ಟ್ಯಾಂಡ್‌ಬೈ ಎನ್ನುತ್ತಾರೆ. ಬೆಳಿಗ್ಗೆ ಇಷ್ಟು ಹೊತ್ತಿನಿಂದ ಮಧ್ಯಾಹ್ನ ಇಷ್ಟು ಹೊತ್ತಿನವರೆಗೆ ಫೋನ್ ಹತ್ತಿರ ಇರಬೇಕು. ಕರೆ ಬಂದರೆ ಒಂದೂವರೆ ಗಂಟೆಯೊಳಗೆ ವಿಮಾನ ನಿಲ್ದಾಣದಲ್ಲಿ ಹಾಜರಾಗಬೇಕು. ಯಾವನೋ ಪೈಲಟ್ ಹಿಂದಿನ ದಿನ ಬಿರಿಯಾನಿ ಹೆಚ್ಚು ತಿಂದಿರುತ್ತಾನೆ, ಯಾವಳದೋ ಮಗುವಿಗೆ ಜ್ವರ ಬಂದಿರುತ್ತದೆ, ಅವರ ಬದಲಿಗೆ ನಾನು. ಬೇರೆಯವರ ಹೊಟ್ಟೆ ಕೆಟ್ಟರೆ ನನಗೆ ಕೆಲಸ. ಎಲ್ಲರ ಹೊಟ್ಟೆಯೂ ನೆಟ್ಟಗಿದ್ದರೆ ನಾನು ಇಸ್ತ್ರಿ ಮಾಡಿದ ಶರ್ಟನ್ನು ಕುರ್ಚಿಗೆ ನೇತುಹಾಕಿ ದಿನವಿಡೀ ಅದರ ಮುಖ ನೋಡುತ್ತ ಕೂರಬೇಕು. ಆ ದಿನಗಳಲ್ಲಿ ಸ್ನಾನಕ್ಕೆ ಹೋದರೂ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೋಪಿನ ಪಕ್ಕ ಇಟ್ಟುಕೊಳ್ಳುತ್ತಿದ್ದೆ. ತಲೆಗೆ ಶಾಂಪೂ ಹಚ್ಚಿಕೊಳ್ಳುವುದು ಧೈರ್ಯದ ಕೆಲಸವಾಗಿತ್ತು.

ಅವ್ವ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವಳು. ಅವಳ ಪ್ರಕಾರ ಕೆಲಸವೆಂದರೆ ಗಂಟೆ ಹೊಡೆದಾಗ ಶುರು, ಗಂಟೆ ಹೊಡೆದಾಗ ಬಂದ್. ಕೆಲಸವಿಲ್ಲದೆ ಕೆಲಸದ ಮೇಲಿರುವುದು ಆಕೆಗೆ ಅರ್ಥವಾಗಲೇ ಇಲ್ಲ. ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ, ನಾನು ಮುಚ್ಚಿಡುತ್ತಿದ್ದೇನೆ ಎಂದೇ ಒಂದು ತಿಂಗಳು ನಂಬಿದ್ದಳು. ದರ್ಗಾಕ್ಕೆ ಹೋಗಿ ಹರಕೆಯನ್ನೂ ಹೊತ್ತು ಬಂದಿದ್ದಳು.

ಅಪ್ಪನಿಗೆ ಮಾತ್ರ ಅರೆಗಳಿಗೆ ಹಿಡಿಯಲಿಲ್ಲ. ಅವನು ನಿವೃತ್ತ ಬಸ್ ಡ್ರೈವರ್. ಹೈದರಾಬಾದಿನ ನನ್ನ ಕೋಣೆಗೆ ಮೊದಲ ಸಲ ಬಂದಾಗ ಕುರ್ಚಿಯ ಮೇಲಿನ ಶರ್ಟನ್ನೂ ನನ್ನ ಮುಖವನ್ನೂ ನೋಡಿ ಹೇಳಿದ, "ಸ್ಪೇರ್ ಅನ್ನು ಮತ್ತ. ಸ್ಟ್ಯಾಂಡ್‌ಬೈ ಗೀಂಡ್‌ಬೈ ಅಂತ ಹೆದರಸ್ತಿ."

ದೇವದುರ್ಗದಲ್ಲಿ ಅವನು ವರ್ಷಗಟ್ಟಲೆ ಸ್ಪೇರ್ ಡ್ರೈವರ್ ಆಗಿದ್ದ. ಅವನಿಗೆಂದು ಒಂದು ರೂಟ್ ಇರಲಿಲ್ಲ. ಬೆಳಿಗ್ಗೆ ಖಾಕಿ ತೊಟ್ಟು, ರೊಟ್ಟಿ ಕಟ್ಟಿಕೊಂಡು ಹೋಗಿ ಡಿಪೊದ ಬೇವಿನ ಮರದ ಕೆಳಗೆ ಕೂರುವುದು. ಯಾರಾದರೂ ಬರದಿದ್ದರೆ ಅವರ ಬಸ್ಸು ಹತ್ತುವುದು. "ಆಫೀಸಿನ ಕಿಟಕ್ಯಾಗಿಂದ ಕೈ ಮಾಡ್ತಿದ್ರು. ಎದ್ದು ನಡಿಯೂದು. ಯಾವ ಊರು ಅಂಬೂದು ಬೋರ್ಡ್ ಓದಿದ ಮ್ಯಾಲೆ ಗೊತ್ತಾಗ್ತಿತ್ತು," ಎಂದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಕೇಳಿದ, "ಅಲ್ಲವ್ವಾ, ಗಾಡಿ ಬಿಟ್ಟು ಬಂದ ಮ್ಯಾಲೆ? ಆಗೂ ಕರೀತಾರೇನು?"

ಇಲ್ಲ, ಆಮೇಲೆ ವಿಶ್ರಾಂತಿ ಎಂದೆ. ಇಷ್ಟು ಹಾರಿದರೆ ಇಷ್ಟು ಗಂಟೆ, ವಾರಕ್ಕೊಮ್ಮೆ ಒಟ್ಟಿಗೆ ನಲವತ್ತೆಂಟು ಗಂಟೆ. ನಮ್ಮ ಕಂಪನಿಯ ನಿಯಮದ ಪುಸ್ತಕದಲ್ಲಿ ಇನ್ನೊಂದು ಸಾಲೂ ಇತ್ತು: ವಿಶ್ರಾಂತಿಯಲ್ಲಿದ್ದವರಿಗೆ ಡ್ಯೂಟಿಯ ವಿಷಯಕ್ಕೆ ಫೋನ್ ಮಾಡಬಾರದು, ಮಾಡಿ ಎಬ್ಬಿಸಿದರೆ ವಿಶ್ರಾಂತಿ ಮುರಿದಂತೆ, ಮತ್ತೆ ಮೊದಲಿನಿಂದ ಎಣಿಸಬೇಕು.

"ಫೋನ್ ಸುದ್ದಾ ಮಾಡಂಗಿಲ್ಲ?"

"ಮಾಡಂಗಿಲ್ಲ ಯಪ್ಪಾ."

"ಬರದಾರ?"

"ಬರದಾರ."

"ಎಲ್ಲಿ? ತೋರ್ಸು."

ಇಂಗ್ಲಿಷ್ ಓದಲು ಬರದ ನನ್ನಪ್ಪ ಕನ್ನಡಕ ಹಾಕಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ಎಳೆದ. ಜಮೀನಿನ ಪಹಣಿ ನೋಡುವವರ ಹಾಗೆ. ಊರಿಗೆ ಹೋಗಿ ಅವ್ವನಿಗೂ, ಚಹಾದಂಗಡಿಯವನಿಗೂ, ಕೇಳಿದವರಿಗೂ ಕೇಳದವರಿಗೂ ಹೇಳಿದ: ನನ್ನ ಮಗಳು ಮಲಗಿದ್ದರೆ ಎಬ್ಬಿಸುವುದು ಅಪರಾಧ.

ಪುಸ್ತಕದಲ್ಲಿ ಬರೆದದ್ದೆಲ್ಲ ನಡೆದರೆ ಪುಸ್ತಕವೇ ಬೇಕಾಗುತ್ತಿರಲಿಲ್ಲ. ನನ್ನಂಥ ಹೊಸ ಕೋ-ಪೈಲಟ್‌ಗಳಿಗೆ ವಿಶ್ರಾಂತಿಯಲ್ಲೂ ಆಗೊಮ್ಮೆ ಈಗೊಮ್ಮೆ ಫೋನ್ ಬರುತ್ತಿತ್ತು. ರೋಸ್ಟರ್, ಅಂದರೆ ಡ್ಯೂಟಿಯ ಪಟ್ಟಿ, ನೋಡುವವರು ನಯವಾಗಿ ಕೇಳುತ್ತಿದ್ದರು, ಸುಮ್ಮನೆ ಕೇಳ್ತಿದ್ದೀನಿ, ನಾಳೆ ಒಂದು ಫ್ಲೈಟ್ ಇದೆ, ಆಗುತ್ತಾ? ಇಲ್ಲ ಎನ್ನುವ ಹಕ್ಕು ನಮಗಿತ್ತು. ಆದರೆ ಹೂಂ ಎನ್ನುವವರ ಹೆಸರು ಒಳ್ಳೆಯ ಪಟ್ಟಿಯಲ್ಲಿ ಇರುತ್ತದೆ ಎಂದು ನಾವೇ ನಂಬಿಕೊಂಡಿದ್ದೆವು. ಅಂಥ ಪಟ್ಟಿಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ನನ್ನ ಅಜ್ಜಿ ಇನ್ನೊಬ್ಬರ ಹೊಲದಲ್ಲಿ ಹತ್ತಿ ಬಿಡಿಸಿ ಬದುಕಿದವಳು. ನಾನು ಸರಕಾರದ ಸ್ಕಾಲರ್‌ಶಿಪ್ಪಿನಲ್ಲಿ ಹಾರಲು ಕಲಿತವಳು. ನಮ್ಮ ಮನೆತನದಲ್ಲಿ ಕೆಲಸಕ್ಕೆ ಕರೆದವರಿಗೆ ಇಲ್ಲ ಎಂದವರಿಲ್ಲ. ಹಾಗಾಗಿ ನಾನೂ ಹೂಂ ಎನ್ನುತ್ತಿದ್ದೆ.

ಒಮ್ಮೆ ಹಾಗೆ ಹೂಂ ಎಂದು ಹೋದ ದಿನ, ಇಳಿಯುವ ಮುಂಚೆ ವಿಮಾನ ನಿಲ್ದಾಣದ ಟವರಿನವರಿಗೆ ಉತ್ತರ ಕೊಡುವಾಗ ನಾನು ನಮ್ಮ ವಿಮಾನದ ನಂಬರಿನ ಬದಲು ಹಿಂದಿನ ದಿನ ಹಾರಿಸಿದ್ದ ವಿಮಾನದ ನಂಬರ್ ಹೇಳಿದೆ. ಅವರು ತಿದ್ದಿದರು. ಪಕ್ಕದ ಕ್ಯಾಪ್ಟನ್ ನಕ್ಕರು. ನಾನೂ ನಕ್ಕೆ. ನಿಜವೇನೆಂದರೆ, ಆ ಉತ್ತರಕ್ಕಿಂತ ಹಿಂದಿನ ಕೆಲವು ಕ್ಷಣ ನಾನೆಲ್ಲಿದ್ದೆ ಎಂಬುದೇ ನನಗೆ ನೆನಪಿರಲಿಲ್ಲ. ಕಣ್ಣು ತೆರೆದೇ ಇದ್ದವು. ಒಳಗೆ ಯಾರೂ ಇರಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಅದಾದ ಹದಿನೈದು ದಿನಕ್ಕೆ ಮಾನ್ವಿಯಲ್ಲಿ ನನ್ನ ತಂಗಿಯ ಕುಬುಸ. ಏಳು ತಿಂಗಳ ಬಸುರಿ. ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ನನ್ನ ವಾರದ ವಿಶ್ರಾಂತಿ ಶುರುವಾಯಿತು; ಸೋಮವಾರ ನಾಲ್ಕರವರೆಗೆ ನಾನು ಯಾರ ಸ್ವತ್ತೂ ಅಲ್ಲ. ರೈಲು ಹತ್ತಿ ರಾಯಚೂರಿಗೆ ಬಂದೆ. ಭಾನುವಾರ ಬೆಳಿಗ್ಗೆ ನಾವು ಮೂವರೂ ಮಾನ್ವಿಯ ಬಸ್ ಹಿಡಿದೆವು. ಅಪ್ಪ ಎಂದಿನಂತೆ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ಗೇರ್ ಬದಲಾದಾಗಲೆಲ್ಲ ತನ್ನ ಎಡಗಾಲು ಒತ್ತುತ್ತಿದ್ದ. ಕಲ್ಮಲ ಬರುವಷ್ಟರಲ್ಲಿ ಡ್ರೈವರ್ ಎರಡು ಸಲ ತಿರುಗಿ ನೋಡಿದ.

ಬೀಗರ ಮನೆಯಲ್ಲಿ ಹೆಂಗಸರ ಜಾತ್ರೆಯೇ ನೆರೆದಿತ್ತು. ತಂಗಿ ಹಸಿರು ಬಳೆ ತೊಟ್ಟು ಕುರ್ಚಿಯಲ್ಲಿ ಕೂತಿದ್ದಳು. ನಾನು ಅವಳ ಪಕ್ಕ ಹೋಗಿ ದೊಡ್ಡ ಅಕ್ಕನ ಗತ್ತಿನಲ್ಲಿ ಕೂರಬೇಕು ಎನ್ನುವಷ್ಟರಲ್ಲಿ ಬೀಗತಿ, ಅಂದರೆ ತಂಗಿಯ ಅತ್ತೆ, ನನ್ನ ಕೈಗೆ ಹೋಳಿಗೆಯ ಪರಾತ ಕೊಟ್ಟರು.

"ಪೈಲೆಟ್ ಆದ್ರೇನವ್ವಾ, ಹೋಳಿಗಿ ನೀಡಾಕ ಬರ್ತದಲ್ಲ?"

ಬರ್ತದ ಎಂದೆ. ಸೆರಗು ಸಿಕ್ಕಿಸಿದೆ. ಫೋಟೊ ತೆಗೆಯಲೆಂದು ಫೋನನ್ನು ಅಪ್ಪನ ಕೈಗೆ ಕೊಟ್ಟೆ. ಅವನು ತನ್ನ ಹೆಬ್ಬೆರಳಿನ ಸಾಕಷ್ಟು ಒಳ್ಳೆಯ ಫೋಟೊ ತೆಗೆದ. ನಾನು ಪಂಕ್ತಿಯಲ್ಲಿ ನಡುಬಗ್ಗಿಸಿ, ಹೋಳಿಗಿ ಬಿಸಿ ಅದಾವ, ಇನ್ನೊಂದು ಹಾಕ್ಸ್ಕೋರಿ ಎಂದು ಒದರುತ್ತಿದ್ದಾಗ ಅವನ ಕೈಯಲ್ಲಿ ಫೋನ್ ಹಾಡತೊಡಗಿತು.

ಇಂಜಿನ್ನಿನ ಪಕ್ಕ ಕೂತು ಕೂತು ಅಪ್ಪನ ಎಡಗಿವಿ ಮಂದ. ಯಾವ ಕರೆ ಬಂದರೂ ಸ್ಪೀಕರ್ ಹಚ್ಚುತ್ತಾನೆ. ಹಚ್ಚಿದ. ನಾನಿನ್ನೂ ಒದರುತ್ತಿರುವಾಗಲೇ ಆ ಕಡೆಯಿಂದ ಗಂಡಸಿನ ದನಿ ಇಂಗ್ಲಿಷಿನಲ್ಲಿ ನನ್ನ ಹೆಸರು ಕೇಳಿತು, ಆಮೇಲೆ ಹಿಂದಿಯಲ್ಲಿ.

"ಕ್ಯಾ ಹೋನಾ ಸಾಬ್?" ಎಂದು ಅಪ್ಪ ದಖನಿ ಉರ್ದುವಿನಲ್ಲಿ ಶುರುಮಾಡಿದ. ರಾಯಚೂರಿನ ಬಜಾರದಲ್ಲಿ ಬೆಳೆದವನಿಗೆ ಅದು ತಾಯಿಮಾತಿನ ತಂಗಿ. ಆ ಕಡೆಯ ಮನುಷ್ಯನೂ ಹೈದರಾಬಾದಿನ ಹಳೆಯ ಊರಿನವನಿರಬೇಕು, ಇಂಗ್ಲಿಷನ್ನು ಅಲ್ಲಿಗೇ ಬಿಟ್ಟು ದಖನಿಗೆ ಇಳಿದ. ಅವರಿಬ್ಬರ ಮಾತನ್ನು ನಾನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ.

ನಮ್ಮ ಕಂಪನಿಯ ರೋಸ್ಟರ್ ನೋಡುವವನ ದನಿ ಎಂದು ನನಗೆ ತಿಳಿದು ಹೋಯಿತು. ಕೈಚಾಚಿದೆ. ಅಪ್ಪ ನನ್ನನ್ನು ನೋಡಿದ. ನಾನು ಏನು ಹೇಳುತ್ತೇನೆಂದು ಅವನಿಗೆ ಗೊತ್ತಿತ್ತು. ಆ ಹೂಂ ಅವನಿಂದಲೇ ನನಗೆ ಬಂದದ್ದು. ಫೋನ್ ಹಿಡಿದುಕೊಂಡು ಹಿತ್ತಲಿಗೆ ನಡೆದುಬಿಟ್ಟ. ನಾನು ಪರಾತದ ಸಮೇತ ಬೆನ್ನುಹತ್ತಿದೆ.

"ಆಕಿ ಮಲಗ್ಯಾಳ್ರೀ," ಎಂದ, ನಾಲ್ಕು ಮಾರು ದೂರದಲ್ಲಿ ನಿಂತ ನನ್ನ ಮುಖ ನೋಡುತ್ತಲೇ.

"ಭಾಳ ಗದ್ಲ ಕೇಳಾಕತ್ತದಲ್ರೀ?"

"ಗದ್ಲದಾಗ ಮಲಗೂ ರೂಢಿ ಅದ ಆಕಿಗೆ."

"ಸ್ವಲ್ಪ ಎಬ್ಬಸ್ರಿ. ನಾಳಿ ಮುಂಜಾನಿ ಒಂದು ಫ್ಲೈಟ್ ಅದ. ಹೋಗಾಂವಗ ಆರಾಮಿಲ್ಲ. ಹೇಳೂದಷ್ಟ, ಎರಡು ಮಿನಿಟ್."

"ಹೇಳಿದ್ರ ಆಕಿ ರೆಸ್ಟ್ ಮುರೀತದಂತಲ್ರೀ. ಪುಸ್ತಕದಾಗ ಬರದಾರ."

"ನೀವು ಓದೀರೇನ್ರೀ ಪುಸ್ತಕ?"

"ಬೆರಳಿಟ್ಟು ನೋಡೀನಿ."

ಆತ ನಕ್ಕ, ಆದರೆ ಮೈಯಲ್ಲಿ ಜೀವವಿಲ್ಲದವನು ನಕ್ಕಂತೆ. ಆಮೇಲೆ ಒಮ್ಮೆಲೇ ಹೇಳಿಕೊಂಡುಬಿಟ್ಟ. ನಿನ್ನೆ ಸಂಜೆಯಿಂದ ಅದೇ ಕುರ್ಚಿಯಲ್ಲಿ ಕೂತಿದ್ದಾನೆ. ಬೆಳಿಗ್ಗೆ ಬರಬೇಕಾದ ಬದಲಿಯವನು ಬಂದಿಲ್ಲ. ಹದಿನಾಲ್ಕು ಜನರಿಗೆ ಫೋನ್ ಹಚ್ಚಿದ್ದಾನೆ. ಅರ್ಧ ಜನ ಎತ್ತಲಿಲ್ಲ, ಇನ್ನರ್ಧ ಬೈದರು. ಮನೆಯಲ್ಲಿ ಎರಡು ತಿಂಗಳ ಕೂಸಿದೆ.

"ಅಯ್ಯ, ನಿಮಗ ಇಂಥಾ ಪುಸ್ತಕ ಇಲ್ಲೇನ್ರೀ?" ಅಪ್ಪ ನಿಜವಾಗಿ ಗಾಬರಿಯಾಗಿ ಕೇಳಿದ.

"ನಾವೇನು ವಿಮಾನ ಹಾರಸ್ತೀವೇನ್ರೀ?"

"ಹಾರ್ಸೂರನ್ನ ಎಬ್ಬಸೂರು ನೀವಲ್ಲೇನು!"

ಅಪ್ಪ ಅಲ್ಲಿದ್ದ ಒಗೆಯುವ ಕಲ್ಲಿನ ಮೇಲೆ ಕೂತ. ಕೂತನೆಂದರೆ ಮಾತು ಉದ್ದವಾಗುತ್ತದೆ. ಅವನು ಆ ಅಪರಿಚಿತನಿಗೆ ಹೇಳಿದ್ದು ನಾನು ಹುಟ್ಟಿದಾಗಿನಿಂದ ಕೇಳದ ಕತೆ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅಪ್ಪನ ಬಸ್ಸು ಮಸರಕಲ್ ಹತ್ತಿರ ಹೊಲಕ್ಕೆ ಇಳಿದಿತ್ತು. ಅಷ್ಟು ನಮಗೆಲ್ಲ ಗೊತ್ತು. ಸ್ಟೇರಿಂಗ್ ಕೆಟ್ಟಿತ್ತು ಎಂಬುದು ಮನೆಯ ಚರಿತ್ರೆ. ಮಸರಕಲ್ ಅವ್ವನ ತವರು. ಅಳಿಯ ಮಾವನ ಊರಿಗೆ ಬಸ್ಸಿನ ಸಮೇತ ನುಗ್ಗಿದ ಎಂದು ಸೋದರಮಾವಂದಿರು ಇವತ್ತಿಗೂ ಆಡಿಕೊಳ್ಳುತ್ತಾರೆ.

"ಸ್ಟೇರಿಂಗಿಗೆ ಏನೂ ಆಗಿರಲಿಲ್ಲ ಸಾಹೇಬ್ರ," ಎಂದ ಅಪ್ಪ. "ನಾನ ಮಲಗಿದ್ದೆ."

ಹಿಂದಿನ ದಿನ ದೂರದ ಊರಿಗೆ ಹೋಗಿ ಬೆಳಿಗ್ಗೆ ಮರಳಿದ್ದ. ಮನೆಗೆ ಹೋಗುವ ಹೊತ್ತು. ಒಬ್ಬ ಡ್ರೈವರ್ ಬಂದಿರಲಿಲ್ಲ. ಹೋಗ್ತೀಯಾ ಎಂದು ಕೇಳಿದರು. ಬಲವಂತ ಮಾಡಲಿಲ್ಲ, ಕೇಳಿದರಷ್ಟೆ. ಇವನು ಹೂಂ ಎಂದ. "ಹೂಂ ಅಂದ್ರ ಗಂಡಸು ಅಂತ ತಿಳಿದಿದ್ದೆ." ಮಧ್ಯಾಹ್ನದ ಬಿಸಿಲು, ಮೈಯೊಳಗೆ ಎರಡು ರೊಟ್ಟಿ, ನೆಟ್ಟಗಿನ ರಸ್ತೆ. ಎಚ್ಚರವಾದಾಗ ಗಾಜಿನ ಮುಂದೆ ಹತ್ತಿ ಗಿಡ. ಬಸ್ಸು ತಾನಾಗಿಯೇ ಬದು ಇಳಿದು, ಎತ್ತಿನ ಬಂಡಿಯ ಹಾಗೆ ಸಾವಕಾಶ ನಡೆದು, ಕರಿಮಣ್ಣಿನಲ್ಲಿ ಹೂತು ನಿಂತಿತ್ತು. ಪ್ರಯಾಣಿಕರಲ್ಲಿ ಅರ್ಧ ಜನಕ್ಕೆ ಇನ್ನೂ ನಿದ್ದೆ. ಒಬ್ಬ ಮುದುಕಿ ಎದ್ದು ಕಿಟಕಿಯಿಂದ ನೋಡಿ, "ಚಲೋ ಆತು ತಗಿ ಯಪ್ಪಾ, ನಮ್ಮ ಹೊಲ ಇದ," ಎಂದು ಬುತ್ತಿಗಂಟು ಹಿಡಿದು ಇಳಿದು ಹೋದಳಂತೆ.

ಫೋನಿನ ಆ ಕಡೆಯವನು ಈಗ ನಿಜವಾಗಿ ನಕ್ಕ. ಅಪ್ಪ ನಗಲಿಲ್ಲ.

"ಎಲ್ಲಾರೂ ನಕ್ಕರು ಸಾಹೇಬ್ರ. ನಾ ಇಳದು ಬಸ್ಸಿನ ಹಿಂದ ಹೋಗಿ ನೋಡಿದೆ. ನೂರು ಹೆಜ್ಜಿ ಹಿಂದ ಒಂದು ಬಾವಿ. ಗಾಲಿ ಗೀರು ಅದರ ಬಗಲಾಗ ಹಾದು ಬಂದಿತ್ತು. ಮೊಳ ಅಂತರ ಇರಲಿಲ್ಲ. ಬಸ್ಸಿನಾಗ ಐವತ್ತು ಮಂದಿ. ಯಾರಿಗೂ ಹೇಳಿಲ್ಲ ಇದನ್ನ. ಹೆಂಡ್ತಿಗೂ ಹೇಳಿಲ್ಲ."

ಕೊನೆಗೆ ಆ ಮನುಷ್ಯ ಹೇಳಿದ, "ಮಲಗ್ಲಿ ಬಿಡ್ರಿ ಆಕಿ. ಬ್ಯಾರೆಯವರನ್ನ ನೋಡ್ತೀನಿ."

"ನೀವೂ ಮಲಗ್ರಿ. ಕುರ್ಚಿ ಮ್ಯಾಲ ಅಲ್ಲ, ಮನಿಗೆ ಹೋಗಿ. ಯಾರಿಗರೆ ಹೇಳ್ರಿ, ನನಗ ಆಗೂದಿಲ್ಲ ಅಂತ. ನಾ ಹೇಳಲಿಲ್ಲ, ಅದಕ್ಕ ಹೇಳಾಕತ್ತೀನಿ."

ಫೋನ್ ಇಟ್ಟ. ಆ ಬಾವಿ, ಮತ್ತು ಹದಿನೈದು ದಿನದ ಹಿಂದೆ ಟವರಿನವರಿಗೆ ನಾನು ಹೇಳಿದ ತಪ್ಪು ನಂಬರು, ಎರಡೂ ನನಗೆ ಒಂದೇ ಆಗಿ ಕಂಡವು. ಅಪ್ಪನಿಗೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಅವ್ವನ ದನಿ ಬಂತು.

"ಸ್ಟೇರಿಂಗ್ ಕೆಟ್ಟಿತ್ತಂದಿದ್ರಿ!"

ಹೋಳಿಗೆ ಎಲ್ಲಿ ಹೋಯಿತೆಂದು ಹುಡುಕುತ್ತ ಬಂದ ಅವಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಇಪ್ಪತ್ತು ವರ್ಷ! ನನ್ನ ತಮ್ಮಂದಿರ ಮುಂದ ಆ ಸ್ಟೇರಿಂಗ್ ಸಲುವಾಗಿ ಜಗಳಾಡೀನಿ ನಾನು!"

ಅಪ್ಪ ಒಗೆಯುವ ಕಲ್ಲಿನಿಂದ ಎದ್ದ. ನನ್ನ ಪರಾತದಿಂದ ಒಂದು ಹೋಳಿಗೆ ಎತ್ತಿ ಬಾಯಿಗೆ ಹಾಕಿಕೊಂಡ, ಬಾಯಿ ತುಂಬಿರುವವನಿಗೆ ಉತ್ತರ ಕೊಡುವ ಕಟ್ಟಳೆ ಇಲ್ಲವೆಂಬಂತೆ. ಅವ್ವ ಸಂಜೆಯವರೆಗೆ ಅವನೊಂದಿಗೆ ಮಾತಾಡಲಿಲ್ಲ. ಮರಳುವಾಗ ಬಸ್ಸಿನಲ್ಲಿ ಕಲ್ಮಲ ದಾಟಿದ ಮೇಲೆ ಮಾತ್ರ, "ಬಾವಿ ಯಾವ ಕಡಿ ಇತ್ತು?" ಎಂದು ಕೇಳಿದಳು. ಅಪ್ಪ, "ನನ್ನ ಕಡಿ," ಎಂದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯ ಹೊರಗೆ ನೋಡಿದಳು. ನಾನು ನನ್ನ ಸಂಗತಿ ಹೇಳಿದ್ದು ಆಗ, ಅವರಿಬ್ಬರ ನಡುವೆ ಕೂತು. ಇಬ್ಬರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಬುಧವಾರ ಕಚೇರಿಯಿಂದ ಈಮೇಲ್ ಬಂತು. ಭಾನುವಾರ ನಿಮ್ಮನ್ನು ಸಂಪರ್ಕಿಸಲಾಗಿದೆ, ಕರೆ ಸ್ವೀಕರಿಸಲಾಗಿದೆ, ನೀವು ಡ್ಯೂಟಿ ಒಪ್ಪಲಿಲ್ಲವೇಕೆ, ವಿವರಿಸಿ. ನಾನು ಬರೆದೆ: ಸಂಪರ್ಕಿಸಿದ್ದು ನನ್ನ ತಂದೆಯನ್ನು. ಅವರು ನಿವೃತ್ತರು. ವಿಶ್ರಾಂತಿ ಮುರಿದಿದ್ದರೆ ಅದು ಅವರದು. ಅಂಥ ಉತ್ತರ ನಾನು ಜೀವನದಲ್ಲಿ ಯಾರಿಗೂ ಕೊಟ್ಟಿರಲಿಲ್ಲ.

ಎರಡು ದಿನಕ್ಕೆ ಕಚೇರಿಗೆ ಬಂದು ಕಾಣಬೇಕೆಂದು ಕರೆ ಬಂತು. ಪೈಲಟ್‌ಗಳ ಮೇಲಧಿಕಾರಿಯಾದ ಬಿಳಿ ಮೀಸೆಯ ಕ್ಯಾಪ್ಟನ್ ಮೇಜಿನ ಹಿಂದೆ ಕೂತಿದ್ದರು. ರೋಸ್ಟರಿನವರ ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ ಎಂಬುದು ನನಗೆ ಆಗ ನೆನಪಾಯಿತು. ಅವರು ಇಡೀ ಕರೆಯನ್ನು ಕೇಳಿದ್ದರು, ದಖನಿ ತಿಳಿಯುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು.

"ನೀವು ಮಲಗಿದ್ದಿರಿ," ಎಂದರು.

"ಹೌದು ಸರ್."

"ಹೋಳಿಗೆ ಬಿಸಿ ಇದೆ ಎಂದು ಒದರಿದ್ದು ಯಾರು?"

ನಾನು ನೆಲ ನೋಡಿದೆ. ನಂತರ, ವಿಶ್ರಾಂತಿಯೆಂದರೆ ನಿದ್ದೆಯೇ ಆಗಿರಬೇಕೆಂದು ಪುಸ್ತಕ ಹೇಳುವುದಿಲ್ಲ ಸರ್, ಎಂದೆ. ಅವರು ಪೆನ್ನು ಎತ್ತಿಕೊಂಡರು. "ನಿಮಗೆ ಡ್ಯೂಟಿ ತಿಳಿಸಿಲ್ಲ, ಹಾಗಾಗಿ ನೀವು ಒಪ್ಪಲಿಲ್ಲವೆಂಬ ಪ್ರಶ್ನೆಯೇ ಬರುವುದಿಲ್ಲ. ಕರೆ ಮಾಡಿದ್ದೇ ತಪ್ಪು," ಎಂದರು. ಕಾಗದದ ಮೇಲೆ ಏನೋ ಗೀಚಿ ಬದಿಗಿಟ್ಟರು. ನಾನು ಬಾಗಿಲವರೆಗೆ ಹೋದಾಗ ಕೇಳಿದರು, "ಆ ಮುದುಕಿ ನಿಜವಾಗಿ ಅಲ್ಲೇ ಇಳಿದಳೇ?"

"ಇಳಿದಳಂತೆ ಸರ್."

ಆ ರೋಸ್ಟರಿನವನ ಗತಿ ಏನಾಯಿತೆಂದು ಅಪ್ಪ ಪ್ರತಿ ಭಾನುವಾರ ಕೇಳುತ್ತಿದ್ದ. ವಿಚಾರಿಸಿದೆ. ಅವನ ಮೇಲೆ ಯಾವ ಕ್ರಮವೂ ಆಗಲಿಲ್ಲ. ಅವರ ಪಾಳಿಗೂ ಒಬ್ಬ ಹೆಚ್ಚುವರಿ ಮನುಷ್ಯನನ್ನು ಇಟ್ಟರಂತೆ. ಎಷ್ಟು ದಿನ ಇಟ್ಟರೋ ತಿಳಿಯದು. ನಾನವನನ್ನು ಇವತ್ತಿಗೂ ಕಣ್ಣಾರೆ ಕಂಡಿಲ್ಲ.

ಇಷ್ಟಾದ ಮೇಲೆ ನಾನು ದೊಡ್ಡ ಧೈರ್ಯವಂತೆಯಾದೆ ಎಂದುಕೊಳ್ಳಬೇಡಿ. ಮೂರು ತಿಂಗಳು ಬೇಕಾಯಿತು. ಸತತ ನಾಲ್ಕು ದಿನ ಬೆಳಗಿನ ಜಾವದ ಫ್ಲೈಟುಗಳು. ಐದನೆಯದರ ಹಿಂದಿನ ಮಧ್ಯಾಹ್ನ ಕನ್ನಡಿಯಲ್ಲಿ ನೋಡಿಕೊಂಡರೆ ಮತ್ತೆ ಅದೇ, ಕಣ್ಣು ತೆರೆದಿವೆ, ಒಳಗೆ ಯಾರೂ ಇಲ್ಲ. ರೋಸ್ಟರಿನ ಪ್ರಕಾರ ಎಲ್ಲ ಗಂಟೆಗಳೂ ಸರಿಯಿದ್ದವು. ಲೆಕ್ಕದಲ್ಲಿ ನನಗೆ ದಣಿವಾಗಲು ಕಾರಣವೇ ಇರಲಿಲ್ಲ. ಆದರೂ ಆಗಿತ್ತು. ಫೋನೆತ್ತಿಕೊಂಡು ಏಳೆಂಟು ವಾಕ್ಯ ಬಾಯಿಪಾಠ ಮಾಡಿದೆ: ನನ್ನ ನಿಷ್ಠೆ, ನನ್ನ ಈವರೆಗಿನ ಹಾಜರಿ, ಪುಸ್ತಕದ ಯಾವ ಪುಟ. ಕರೆ ಹಚ್ಚಿದೆ. ಒಬ್ಬ ಹೆಂಗಸು ಎತ್ತಿಕೊಂಡಳು.

"ನನಗೆ ದಣಿವಾಗಿದೆ. ನಾಳೆ ಹಾರಲಾರೆ," ಎಂದೆ.

"ಸರಿ. ಬರೆದುಕೊಂಡೆ," ಎಂದಳು. ಅಷ್ಟೇ. ಫೋನ್ ಇಟ್ಟಳು. ಉಳಿದ ಐದಾರು ವಾಕ್ಯಗಳನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಕೋಣೆಯ ನಡುವೆ ನಿಂತಿದ್ದೆ.

ಆ ವಾರ ಅವ್ವ ಕಣ್ಣಿನ ಆಸ್ಪತ್ರೆಗೆಂದು ಬಂದು ನನ್ನ ಜೊತೆಗಿದ್ದಳು. ಒಲೆಯ ಮುಂದಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಕಿಟಕಿಯ ಪರದೆ ಎಳೆದು, ಕುರ್ಚಿಯ ಮೇಲಿದ್ದ ಶರ್ಟನ್ನು ಮಡಚಿ ಕಪಾಟಿನಲ್ಲಿಟ್ಟಳು. ನಾನು ಹಾಸಿಗೆಗೆ ಬಿದ್ದೆ. ನಾಚಿಕೆಯಾಗುತ್ತಿತ್ತು, ಯಾರದೋ ವಸ್ತು ಕದ್ದು ಬಂದವಳಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಅದೂ ದಣಿಯಿತು. ಇನ್ನೇನು ನಿದ್ದೆ ಹತ್ತಬೇಕು, ಅವ್ವ ಬಂದು ಭುಜ ಅಲ್ಲಾಡಿಸಿದಳು.

"ಯವ್ವಾ, ನಿದ್ದಿ ಬಂತೇನು?"

"ಬಂದಿತ್ತು ಯವ್ವಾ."

"ಹಂಗಾರ ಮಲಗು," ಎಂದು ಹೊದಿಕೆ ಎಳೆದು ಹೋದಳು. ಅರ್ಧ ಗಂಟೆಗೆ ಮತ್ತೆ ಬಂದು ಅದನ್ನೇ ಕೇಳಿದಳು. ಮೂರನೆಯ ಸಲ ಬಂದಾಗ ನಾನು ಎದ್ದು ಬಾಗಿಲಿಗೆ ಚಿಲಕ ಹಾಕಿದೆ. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಎಚ್ಚರವಾಯಿತು. ಹಸಿವಾಗಿತ್ತು. ಹೊರಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಸದ್ದಾಗಬಾರದೆಂದು ಬಹಳ ಮೆಲ್ಲಗೆ.